ಹೊಂಗೆ ಬೀಜದವರ ಒಟ್ಟು ಅರ್ಜಿ

ಎರಡು ಸಾವಿರದ ಆರನೇ ಇಸವಿಯ ಬೇಸಿಗೆ. ಚೆನ್ನೈನ ಪೆರಂಬೂರಿನ ರೇವಣಸಿದ್ದಪ್ಪನವರ ಎಣ್ಣೆ ಅಂಗಡಿಗೆ ಹೊಂಗೆ ಬೀಜ ತರುವ ಹೆಂಗಸರು ಆ ದಿನ ಒಂದು ಕೆಟ್ಟ ಸುದ್ದಿಯನ್ನೂ ತಂದರು. ತಿರುವಳ್ಳೂರು ಕಡೆಯ ಅವರ ಊರಿನಲ್ಲಿ, ಪೊರಂಬೋಕು, ಅಂದರೆ ಯಾರ ಹೆಸರಿಗೂ ಇಲ್ಲದ ಸರ್ಕಾರಿ ಜಾಗದ ಹೊಂಗೆ ಮರಗಳಿಗೆಲ್ಲ ಸುಣ್ಣದ ಗುರುತು ಹಾಕಿದ್ದರು. ಅವನ್ನು ಕಡಿದು, ಡೀಸೆಲ್ಲಿಗೆ ಬೆರೆಸುವ ಎಣ್ಣೆಗಾಗಿ ಜಟ್ರೋಫಾ ಎನ್ನುವ ಕಾಡುಹರಳು ನೆಡುತ್ತಾರಂತೆ.

ರೇವಣಸಿದ್ದಪ್ಪನವರ ತಂದೆ ಬಾಗಲಕೋಟೆಯಿಂದ ಬಂದು ಇಟ್ಟ ಅಂಗಡಿ ಅದು. ಸಾಬೂನು ಮಾಡುವವರಿಗೆ ಹೊಂಗೆ ಎಣ್ಣೆ ಮಾರಿಯೇ ಎರಡು ತಲೆಮಾರು ಬದುಕಿತ್ತು. ಅಂದು ಮಧ್ಯಾಹ್ನವೇ ಅವರು ಪಕ್ಕದ ಮನೆಗೆ ಹೋಗಿ ಸುದ್ದಿ ಹೇಳಿದರು.

ಆ ಮನೆಯ ಸುಮತಿ ವಿಮಾ ಕಚೇರಿಯಿಂದ ನಿವೃತ್ತರಾದವರು. ನೌಕರರ ಸಂಘ ನಡೆಸಿ ಪಳಗಿದ್ದರು. ಜೈವಿಕ ಇಂಧನದ ಕರಡು ನೀತಿ ಸಿದ್ಧವಾಗಿದೆ, ತಿಂಗಳೊಳಗೆ ಯಾರು ಬೇಕಾದರೂ ಅಭಿಪ್ರಾಯ ಕೊಡಬಹುದು ಎಂಬ ಪ್ರಕಟಣೆಯನ್ನು ಅವರೇ ಪತ್ರಿಕೆಯಲ್ಲಿ ತೋರಿಸಿದರು.

“ಸರಕಾರದವರು ಮೊದ್ಲ ನಿರ್ಧಾರ ಮಾಡಿರ್ತಾರ. ನಮ್ಮಂಥವರ ಕಾಗದ ಯಾರು ಓದ್ತಾರ್ರೀ?” ಎಂದರು ರೇವಣಸಿದ್ದಪ್ಪ.

ಸುಮತಿ ವಾದಕ್ಕೆ ಇಳಿಯಲಿಲ್ಲ. ಕರಡು ನೀತಿಯ ಬಗ್ಗೆ ಅಧಿಕಾರಿಗಳು ಚೇಪಾಕಿನ ಸರ್ಕಾರಿ ಕಚೇರಿಯಲ್ಲಿ ಕರೆದಿದ್ದ ಮೊದಲ ಸಭೆಗೆ ಅವರನ್ನು ಕರೆದುಕೊಂಡು ಹೋದರು. ಅಲ್ಲಿ ಸಸಿ ಮಾರುವವರು, ಗಾಣದ ಯಂತ್ರ ಮಾಡುವವರು, ತೋಟದ ಕಂಪನಿಗಳವರು ಒಂದೇ ಸಾಲಿನಲ್ಲಿ ಕೂತಿದ್ದರು. ಕಾಡುಹರಳು ನೆಡಬೇಕೆಂದು ಎಲ್ಲರದೂ ಒಂದೇ ಮನವಿ. ಎಲ್ಲರ ಪರವಾಗಿ ಒಬ್ಬನೇ ಮಾತಾಡಿದ. ಅಧಿಕಾರಿಗಳು ಬರೆದುಕೊಂಡರು. ಹೊಂಗೆಯ ಹೆಸರೆತ್ತಲು ಅಲ್ಲಿ ಯಾರೂ ಇರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ, ಕಾಡುಹರಳಿನವರು ಮಾಡಿದ್ದು ಮೋಸವೇ ಎಂದು ರೇವಣಸಿದ್ದಪ್ಪ ಕೇಳಿದರು.

“ಮೋಸ ಏನಿಲ್ಲ ಅಣ್ಣ. ಕೇಳೋ ಹಕ್ಕು ಅವರಿಗೂ ಇದೆ. ಅವರವರಲ್ಲೇ ಎಷ್ಟು ಪೈಪೋಟಿ ಇದ್ರೂ ಒಟ್ಟಿಗೆ ಬಂದ್ರು. ನಾವು ಬರಲಿಲ್ಲ. ಆಫೀಸರ್ ಕಿವಿಗೆ ಬಿದ್ದಿದ್ದೇ ತಾನೆ ನೀತಿಗೆ ಸೇರೋದು?”

ಹಾಗಾದರೆ ತಾವೂ ಒಟ್ಟುಗೂಡಬೇಕು. ಅಂದರೆ ಬದರಿನಾಥರ ಹತ್ತಿರ ಹೋಗಬೇಕು. ತಮ್ಮ ದೊಡ್ಡ ಗಿರಾಕಿಯನ್ನು ಸೆಳೆದುಕೊಂಡ ಆ ಎಣ್ಣೆ ವ್ಯಾಪಾರಿಯೊಡನೆ ರೇವಣಸಿದ್ದಪ್ಪ ಮಾತು ಬಿಟ್ಟು ಎಂಟು ವರ್ಷವಾಗಿತ್ತು. ಮರುದಿನ ಬದರಿನಾಥರ ಅಂಗಡಿಯನ್ನು ಎರಡು ಸಲ ದಾಟಿ ಹೋದರು. ಮೂರನೇ ಸಲ ಒಳಗೆ ಕಾಲಿಟ್ಟರು. ಬದರಿನಾಥ ಸ್ಟೂಲ್ ಎಳೆದು ಹಾಕಿದರು.

“ನಮ್ಮ ಜಗಳ ಆಮ್ಯಾಲೆ ನೋಡೂಣು. ಮೊದ್ಲ ಮರ ಉಳೀಲಿ,” ಎಂದರು ರೇವಣಸಿದ್ದಪ್ಪ.

ಮೂರು ಎಣ್ಣೆ ಅಂಗಡಿಯವರು, ಇಬ್ಬರು ಸಾಬೂನು ತಯಾರಕರು, ಬೀಜ ಆರಿಸುವ ನೂರಕ್ಕೂ ಹೆಚ್ಚು ಹೆಂಗಸರು ಸೇರಿದರು. ಸೇರಿದ ಮೇಲೂ ಎಳೆದಾಟ ತಪ್ಪಲಿಲ್ಲ. ಎಣ್ಣೆಗೆ ಖಾತ್ರಿ ಬೆಲೆ ಮೊದಲು ಬರೆಯಬೇಕೆಂದು ಬದರಿನಾಥ, ಮರ ಮೊದಲೆಂದು ಹೆಂಗಸರು. ಕೊನೆಗೆ ಅರ್ಜಿಯಲ್ಲಿ ಮರವೇ ಮೊದಲಾಯಿತು.

ಎರಡನೇ ಸಭೆಯಲ್ಲಿ ಗುರುತು ಹಾಕಿದ ಮರಗಳ ಊರಿನ, ಬೀಜ ಆರಿಸುವ ಕನ್ನಿಯಮ್ಮ ತಮಿಳಿನಲ್ಲಿ ಮಾತಾಡಿದಳು. ಕಾಡುಹರಳು ಕಾಯಿ ಬಿಡಲು ವರ್ಷಗಟ್ಟಲೆ ಕಾಯಬೇಕು, ಹೊಂಗೆ ಈಗಲೇ ಕೊಡುತ್ತಿದೆ, ಅದರ ಎಣ್ಣೆಯಿಂದಲೂ ಎಂಜಿನ್ ಓಡುತ್ತದಲ್ಲ, ಮತ್ತೆ ಕಡಿಯುವುದೇಕೆ ಎಂದು ಕೇಳಿದಳು. ಈ ಸಲವೂ ಅಧಿಕಾರಿಗಳು ಬರೆದುಕೊಂಡರು.

ಆರು ತಿಂಗಳ ಮೇಲೆ ಆದೇಶ ಬಂತು. ಕಾಡುಹರಳಿನ ಜೊತೆಗೆ ಹೊಂಗೆಯ ಹೆಸರೂ ಇತ್ತು. ಪೊರಂಬೋಕಿನ ಮರ ಕಡಿಯಲು ಗ್ರಾಮಸಭೆಯ ಒಪ್ಪಿಗೆ ಬೇಕೆಂದಿತ್ತು. ಖಾತ್ರಿ ಬೆಲೆಯ ಮಾತು ಮಾತ್ರ ಇರಲಿಲ್ಲ. ರೇವಣಸಿದ್ದಪ್ಪ ಅದನ್ನು ಎರಡು ಸಲ ಓದಿ, ಬೆಲೆಯ ಅರ್ಜಿಯನ್ನು ಯಾವಾಗ ಬರೆಯೋಣ ಎಂದು ತಾವೇ ಸುಮತಿಯವರನ್ನು ಕೇಳಿದರು.

ಓದುಗರೇ, ನಿಮ್ಮ ಕಸುಬನ್ನು, ನಿಮ್ಮೂರಿನ ನೆಲವನ್ನು ಮುಟ್ಟುವ ಕರಡು ನೀತಿ ಬಂದರೆ ಅದನ್ನು ತರಿಸಿ ಓದಿ, ಓದಿಸಿ ಕೇಳಿ. ಅದರ ಹಿಂದೆ ಯಾರ್ಯಾರು ಒಟ್ಟಾಗಿದ್ದಾರೆ ನೋಡಿ. ನಿಮ್ಮಂತೆಯೇ ಬಾಧೆ ಪಡುವವರನ್ನು, ಮಾತು ಬಿಟ್ಟವರನ್ನೂ ಸೇರಿಸಿ, ಗಡುವಿನೊಳಗೆ ಒಟ್ಟಾಗಿ ಬರೆದುಕೊಡಿ. ಸಭೆಗೆ ಹೋಗಿ ಕುಳಿತುಕೊಳ್ಳಿ.