ಹೆಬ್ಬಾತುಗಳ ಐಕ್ಯಸಭೆ

ಬಯಲು ನಾಡಿನ ಒಂದು ಕೆರೆಯಲ್ಲಿ ಹೆಬ್ಬಾತುಗಳ ಮೂರು ಬಳಗಗಳು ಚಳಿಗಾಲ ಕಳೆಯುತ್ತಿದ್ದವು. ಬಿಸಿಲೇರಿದೊಡನೆ ಎಲ್ಲರೂ ಹಿಮದ ಬೆಟ್ಟ ದಾಟಿ ಒಂದೇ ಸರೋವರಕ್ಕೆ ಮರಳಬೇಕು. ಆದರೂ ಹೊರಡುವುದು ಬೇರೆಬೇರೆ. ಹಾರುವ ಮುನ್ನ ಪಾಪ ಕಳೆಯಲೆಂದು ಒಂದು ಬಳಗ ಪೂರ್ತಿ ಮುಳುಗಿ ಏಳುತ್ತಿತ್ತು. ಇನ್ನೊಂದಕ್ಕೆ ತಲೆಯ ಮೇಲೆ ನಾಲ್ಕು ಹನಿ ಸಾಕು. ಮತ್ತೊಂದು, ನೀರೇಕೆ, ಗಟ್ಟಿಯಾಗಿ ಕೂಗಿದರಾಯಿತು ಎನ್ನುತ್ತಿತ್ತು.

ಹೀಗೆ ಬೇರೆಬೇರೆ ಹೊರಟ ಚಿಕ್ಕ ಬಳಗಗಳಿಗೆ ಬೆಟ್ಟದ ಗಾಳಿ ಸೀಳುವುದು ಕಷ್ಟ. ಕಳೆದ ವರ್ಷ ಬಹಳ ಮರಿಗಳು ದಾರಿಯಲ್ಲೇ ಉದುರಿದ್ದವು. ಹಾಗಾಗಿ ಹಿರಿಯರು ಐಕ್ಯಸಭೆ ಕರೆದರು. ಹನಿ ಬಳಗದ ಮುಂದಾಳು ಬೂದಣ್ಣನೂ ಹೋದ. ಕಣಿವೆಗಳ ಗಾಳಿಯನ್ನು ಅವನಷ್ಟು ಬಲ್ಲವರಿರಲಿಲ್ಲ. ಅವನ ಜೋಡಿ ಚುಕ್ಕಣ್ಣ; ಅವನೂ ಗಂಡೇ. ತಬ್ಬಲಿ ಮರಿಗಳನ್ನು ಇಬ್ಬರೂ ಸೇರಿ ಸಾಕಿದ್ದರು.

"ನಾಲ್ಕು ಹನಿಗೆ ಪಾಪ ಹೋಗುತ್ತದೇನ್ರೀ?" ಎಂದ ಮುಳುಗುವ ಹಿರಿಯ.

"ಮುಳುಗಿದರೆ ಹೋಗುವುದಾದರೆ ಮೀನುಗಳೆಲ್ಲ ಸಂತರೇ!" ಎಂದ ಹನಿಯ ಹಿರಿಯ.

"ಅದಿರಲಿ, ಮುಂದೆ ಹಾರುವವರು ಯಾರು?" ಎಂದು ಕೂಗುವ ಹಿರಿಯ ಕೂಗಿದ.

ಎಲ್ಲರೂ ಬೂದಣ್ಣನನ್ನು ನೋಡಿದರು.

"ನೀನೇ ಸರಿ. ಆದರೆ ಆ ಚುಕ್ಕಣ್ಣನನ್ನು ಬಿಟ್ಟುಬಿಡಪ್ಪ," ಎಂದ ಮುಳುಗುವ ಹಿರಿಯ.

"ಬಿಡದಿದ್ದರೂ ಪರವಾಗಿಲ್ಲ, ನಮ್ಮ ಕಣ್ಣಿಗೆ ಬೀಳಬೇಡಿ," ಎಂದ ಬೂದಣ್ಣನ ಸ್ವಂತ ಬಳಗದವನೇ ಆದ ಹನಿಯ ಹಿರಿಯ.

ಬೂದಣ್ಣನಿಗೆ ನೋವಾದದ್ದು ಈ ಎರಡನೆಯ ಮಾತಿಗೆ. "ಬಿಡುವುದಿಲ್ಲ, ಬಚ್ಚಿಡುವುದೂ ಇಲ್ಲ," ಎಂದ.

ಬೂದಣ್ಣ ಮುಂದಾಳಾಗತಕ್ಕದ್ದಲ್ಲ ಎಂದು ಸಭೆ ನಿರ್ಣಯಿಸಿತು. ಮೂರೂ ಬಳಗ ಒಪ್ಪಿದ ಮೊದಲ ಮಾತು ಅದು. ಐಕ್ಯವಾಯಿತೆಂದು ಹಿರಿಯರು ಕತ್ತಿಗೆ ಕತ್ತು ತಾಗಿಸಿ ಸಂಭ್ರಮಿಸಿದರು.

ಗಾಳಿ ತಿರುಗಿದ ದಿನ ಬೂದಣ್ಣ, ಚುಕ್ಕಣ್ಣ ತಮ್ಮ ಪಾಡಿಗೆ ಮೇಲೆದ್ದರು. ಕೆಳಗೆ ಹಿರಿಯರ ಉಪಚಾರ ಮುಗಿಯಲಿಲ್ಲ.

"ನೀವು ಮುಂದೆ ನಡೆಯಿರಿ."

"ಛೆ, ನೀವಿರುವಾಗ ನಾನೇ?"

ಕಣಿವೆಗಳ ಗಾಳಿ ಮೂವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಬೆಟ್ಟದ ಬುಡದಲ್ಲಿ ಬೂದಣ್ಣನ ರೆಕ್ಕೆ ಸೋತಿತು. ಮುಂದಿದ್ದವನು ದಣಿದರೆ ಹಿಂದಿನವನು ತುದಿಗೆ ಬರುವುದು ಹೆಬ್ಬಾತುಗಳ ಪದ್ಧತಿ. ಚುಕ್ಕಣ್ಣ ಮುಂದೆ ಬಂದ. ಬೂದಣ್ಣ ಹಿಂದೆ ಸರಿದು ತಿರುಗಿ ನೋಡಿದರೆ, ಮೂರೂ ಬಳಗ ಒಂದೇ ಸಾಲಾಗಿ ಬೆನ್ನಿಗಿತ್ತು.

"ಏನು ಹಿರಿಯರೇ, ನಿರ್ಣಯ ಮರೆತಿರಾ?"

"ಎಲ್ಲಿ ಮರೆತೆವು? ನೀನೀಗ ಮುಂದಿಲ್ಲವಲ್ಲ!" ಎಂದ ಮುಳುಗುವ ಹಿರಿಯ, ಏದುಸಿರು ಬಿಡುತ್ತ. "ಚುಕ್ಕಣ್ಣ ಮುಂದೆ ಹಾರಬಾರದೆಂದು ಸಭೆ ನಿರ್ಣಯಿಸಿಯೇ ಇಲ್ಲ."

"ಅವನೂ ದಣಿದರೆ?" ಎಂದ ಹನಿಯ ಹಿರಿಯ.

ಮೂವರೂ ಬೂದಣ್ಣನನ್ನು ನೋಡಿದರು. ಆಮೇಲೆ ಹಾರುತ್ತಲೇ ತುರ್ತುಸಭೆ ಕರೆದರು.