ಅಧ್ಯಕ್ಷೆಯ ಕೈಯಲ್ಲಿದ್ದ ಮತ

ಹಿಂದೊಮ್ಮೆ ವಿಧಾನಸಭೆಯ ಅಧ್ಯಕ್ಷೆಯಾಗಿದ್ದವರನ್ನು ಸರ್ಕಾರ ವಿಶ್ವವಿದ್ಯಾಲಯದ ಕುಲಪತಿ ಮಾಡಿದಾಗ ಗಣಿತದ ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಆ ಕುರ್ಚಿ ತನಗೇ ಎಂದುಕೊಂಡು ಅವರು ಹೊಸ ಕೋಟು ಬೇರೆ ಹೊಲಿಸಿಟ್ಟಿದ್ದರು. ಹೊಟ್ಟೆಯುರಿ ಹೊಟ್ಟೆಯಲ್ಲೇ ಇರಬೇಕಪ್ಪ, ಇರಲಿಲ್ಲ. ಸ್ವಾಗತ ಸಭೆಯಲ್ಲಿ ಮೈಕ್ ಹಿಡಿದು, "ಗದ್ದಲ ಮಾಡೋರನ್ನ ಕೂರಿಸಿ ಇವರಿಗೆ ಅಭ್ಯಾಸ. ಇಲ್ಲಿ ಓದೋರೂ ಇದ್ದಾರೆ ಅಂತ ಯಾರಾದರೂ ಹೇಳಿ," ಎಂದುಬಿಟ್ಟರು. ಸಭೆ ನಕ್ಕಿತು. ಕುಲಪತಿಯೂ ನಕ್ಕರು.

ಮರುದಿನ ಆಕೆ ಸೀದಾ ಮೇಷ್ಟ್ರ ಕೋಣೆಗೇ ಬಂದರು. ಬೈದವರ ಬಾಗಿಲಿಗೆ ಮೊದಲು ಹೋಗುವುದು ಆಕೆಯ ರಾಜಕೀಯದ ಹಳೆಯ ಪದ್ಧತಿ. ಚುನಾವಣೆಯಲ್ಲಿ ತಮ್ಮನ್ನು ಸೋಲಿಸಿದವನ ಮನೆಯಲ್ಲೂ ಚಹಾ ಕುಡಿದು ಬಂದವರು. ಕುರ್ಚಿಯ ಮೇಲಿದ್ದ ಉತ್ತರಪತ್ರಿಕೆಗಳ ಗಂಟನ್ನು ತಾವೇ ಎತ್ತಿ ಕೆಳಗಿಟ್ಟು ಕೂತರು. ಜವಾನ ಚಹಾ ತಂದಿಟ್ಟ.

"ಮೇಷ್ಟ್ರೇ, ಮೊದಲ ವರ್ಷದ ಮಕ್ಕಳಿಗೆ ಪಾಠ ಯಾರು ಮಾಡ್ತಾರೆ?"

"ಹೊಸಬರು. ನಾನು ಸಂಶೋಧನೆ ಮಾಡೋರಿಗೆ ಮಾತ್ರ."

"ಎರಡನೇ ವರ್ಷಕ್ಕೆ ಯಾರೂ ಉಳಿಯಲ್ವಂತೆ?"

"ಪಾಠ ಹೇಳೋದು ಹೇಗೆ ಅಂತ ನನಗೆ ನೀವು ಹೇಳಿಕೊಡಬೇಡಿ, ಮೇಡಂ."

ಆಕೆ ಚಹಾ ಮುಗಿಸಿ, ಲೋಟ ಕಿಟಕಿಯ ಕಟ್ಟೆಯ ಮೇಲಿಟ್ಟು ಎದ್ದು ಹೋದರು.

ಅಷ್ಟರಲ್ಲಿ ಸರ್ಕಾರದ ಆದೇಶ ಬಂತು: ವಿದ್ಯಾರ್ಥಿಗಳಿಲ್ಲದ ವಿಭಾಗಗಳನ್ನು ಮುಚ್ಚಿ. ಮೊದಲ ಹೆಸರೇ ಗಣಿತ. ಮೇಷ್ಟ್ರಿಗೆ ಅನ್ನ ಸೇರಲಿಲ್ಲ. ಆ ವಿಭಾಗದ ಕರಿಹಲಗೆಯ ಮುಂದೆಯೇ ಅವರ ಗುರುಗಳೂ ನಿಂತಿದ್ದರು, ತಮ್ಮ ಕೂದಲು ಬೆಳ್ಳಗಾದದ್ದೂ ಅಲ್ಲೇ. ತೀರ್ಮಾನ ವಿಶ್ವವಿದ್ಯಾಲಯದ ಪರಿಷತ್ತಿನದು, ಮೇಷ್ಟ್ರೂ ಅದರಲ್ಲಿದ್ದರು. ಉಳಿದ ಸದಸ್ಯರನ್ನೆಲ್ಲ ಅಂಗಲಾಚಿ, ಯಾರು ಯಾವ ಕಡೆ ಎಂದು ಲೆಕ್ಕ ಹಾಕಿದರು. ಒಂದೇ ಒಂದು ಮತದಿಂದ ಉಳಿಯುತ್ತಿತ್ತು.

ಸಭೆಯಲ್ಲಿ ವಿಷಯ ಬಂದಾಗ ಮೇಷ್ಟ್ರು ಎದ್ದು ನಿಂತರು. "ಇದು ನನ್ನದೇ ವಿಭಾಗದ ಪ್ರಶ್ನೆ. ನಾನು ಮತ ಹಾಕೋದು ನ್ಯಾಯವಲ್ಲ," ಎಂದು ಠೀವಿಯಿಂದ ಕೂತರು. ಕೈಗಳನ್ನು ಎಣಿಸಿದ ಮೇಲೆ ತಿಳಿಯಿತು, ಉಳಿಸಬೇಕಿದ್ದ ಆ ಒಂದು ಮತ ತಮ್ಮದೇ. ಹೇಳಿಕೇಳಿ ಗಣಿತದ ಮೇಷ್ಟ್ರು. ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡಿದ್ದರು.

ಸಮಸಮ ಬಂದಿತ್ತು. ಎಲ್ಲರೂ ಅಧ್ಯಕ್ಷರ ಪೀಠದಲ್ಲಿದ್ದ ಕುಲಪತಿಯ ಕಡೆ ನೋಡಿದರು. ಮೈಕ್ ಮುಂದೆ ಆಡಿದ ಮಾತು ನೆನಪಾಗಿ ಮೇಷ್ಟ್ರು ತಲೆ ತಗ್ಗಿಸಿದರು. ಮುಗಿಯಿತು ಕಥೆ.

"ಸಮ ಬಂದ್ರೆ ಅಧ್ಯಕ್ಷರ ಮತ, ಇದ್ದದ್ದು ಇದ್ದ ಹಾಗೇ ಇರಲಿ ಅನ್ನೋ ಕಡೆಗೆ," ಎಂದರು ಕುಲಪತಿ, ಕನ್ನಡಕ ಒರೆಸುತ್ತ. "ಅರ್ಧ ಸಭೆ ಒಪ್ಪಿಲ್ಲ ಅಂದ್ರೆ ಮಾತು ಇನ್ನೂ ಮುಗಿದಿಲ್ಲ ಅಂತ. ವಿಭಾಗ ಇರಲಿ. ಮುಂದಿನ ವಿಷಯ."

ಸಭೆ ಮುಗಿದ ಮೇಲೆ ಮೇಷ್ಟ್ರು ಆಕೆಯ ಕೋಣೆಗೆ ಹೋದರು. "ಮೇಡಂ, ಅವತ್ತು ನಾನು..."

"ಅದು ಬಿಡಿ. ನಿಮ್ಮ ಮೇಲಿನ ಪ್ರೀತಿಗೆ ಹಾಕಿದ ಮತ ಅಲ್ಲ ಇದು. ನನ್ನನ್ನ ಕೇಳಿದ್ರೆ, ನಿದ್ದೆ ಹೊಡೀತಿರೋ ವಿಭಾಗ ಮುಚ್ಚೋದೇ ಸರಿ." ಆಕೆ ಕುರ್ಚಿ ತೋರಿಸಿದರು. "ವಿಧಾನಸಭೆಯಲ್ಲೂ ಒಂದ್ಸಲ ಹೀಗೇ ಆಯ್ತು. ನಮ್ಮ ಪಕ್ಷದ್ದೇ ಮಸೂದೆ. ನನ್ನ ಮತದಿಂದ ಬಿದ್ದುಹೋಯ್ತು. ಮುಂದಿನ ಚುನಾವಣೆಗೆ ಟಿಕೆಟ್ ಕೊಡಲಿಲ್ಲ, ಬಹಳ ವರ್ಷ ಮನೇಲಿ ಕೂತೆ."

"ಈಗ?"

ಮೇಜಿನ ಮೇಲಿನ ಫೋನು ಹೊಡೆದುಕೊಳ್ಳತೊಡಗಿತು. "ಈಗ ಸರ್ಕಾರದವರು ಬೈತಾರೆ," ಎಂದು ನಕ್ಕು ಆಕೆ ಫೋನೆತ್ತಿದರು. ಮೇಷ್ಟ್ರು ಬಾಗಿಲು ಎಳೆದುಕೊಂಡು ಹೊರಬಂದರು. ಇಂಥವರನ್ನು ತಾನು ನಗೆಪಾಟಲು ಮಾಡಿದೆನಲ್ಲ ಎಂದು ನಾಚಿಕೆಯಾಯಿತು.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಿಸುತ್ತಿದ್ದರು. "ಲೆಕ್ಕ ತಪ್ಪಿತು ಕಣೇ. ಹಾಕದ ನನ್ನ ಮತ ಎಣಿಸಿದೆ, ಅವರದ್ದು ಬಿಟ್ಟೆ."

"ಅವರನ್ನ ನೀವು ಯಾವತ್ತು ಲೆಕ್ಕಕ್ಕೆ ಇಟ್ಟಿದ್ರಿ, ರೀ?"

ಮೇಷ್ಟ್ರು ಒಳಗೆ ಹೋದರು. ಬೀರುವಿನಿಂದ ಹೊಸ ಕೋಟು ತೆಗೆದು ಗೂಟಕ್ಕೆ ಹಾಕಿದರು.

ಸೋಮವಾರ ಅದೇ ಕೋಟು ತೊಟ್ಟು ಮೊದಲ ವರ್ಷದ ತರಗತಿಗೆ ಹೋದರು. ಹಲಗೆ ಒರೆಸುವಾಗಲೇ ತೋಳೆಲ್ಲ ಸೀಮೆಸುಣ್ಣದ ಪುಡಿಯಾಯಿತು. "ಗಣಿತ ಕಂಡ್ರೆ ಹೆದರಿಕೆ ಇರೋರು ಕೈ ಎತ್ತಿ," ಎಂದರು.

ತರಗತಿಗೆ ತರಗತಿಯೇ ಕೈ ಎತ್ತಿತು. ಮೇಷ್ಟ್ರು ಆ ಕೈಗಳನ್ನು ಎಣಿಸಲು ಹೋಗಲಿಲ್ಲ.

"ಸರಿ, ಇಳಿಸಿ. ಮಾತು ಇನ್ನೂ ಮುಗಿದಿಲ್ಲ," ಎಂದು ಹಲಗೆಯ ಕಡೆ ತಿರುಗಿದರು.