ವರ್ಲ್‌ನ ಗಾಡಿ ಬಿಸಿ ಇತ್ತು

ನನ್ನನ್ನು ಮದುವೆಯಾಗುವಾಗ ಲಾಮಾರ್ ಇಷ್ಟು ಪರೀಕ್ಷೆ ಮಾಡಿರಲಿಲ್ಲ. ಹಿಮದ ಮೇಲೆ ಓಡಿಸುವ ಒಂದು ಹಳೆಯ ಮೋಟಾರು ಹಿಮಗಾಡಿ ಕೊಳ್ಳುವುದಕ್ಕೆ ನನ್ನ ಗಂಡ ಆ ಚಳಿಗಾಲದಲ್ಲಿ ಕಣಿವೆಯ ಅರ್ಧ ಷೆಡ್ಡುಗಳನ್ನು ಹೊಕ್ಕು ಬಂದ. ಟಾರ್ಚು ಹಿಡಿದು ಗಾಡಿಯ ಅಡಿಗೆ ತೂರಿಕೊಳ್ಳುತ್ತಿದ್ದ. ಹಿಮವನ್ನು ಅಗೆದು ಹಿಂದಕ್ಕೆ ಎಸೆಯುವ ಆ ಉದ್ದನೆಯ ರಬ್ಬರ್ ಪಟ್ಟಿಯ ಹಲ್ಲುಗಳನ್ನು ಒಂದೊಂದಾಗಿ ಬೆರಳಿನಿಂದ ಸವರುತ್ತಿದ್ದ. ಗಾಡಿಯ ಮುಂದಿನ ಚೌಕಟ್ಟಿನ ಕೊಳವೆಗಳಿಗೆ ಹೊಸ ಬಣ್ಣ ಬಳಿದಿದ್ದರೆ, "ಯಾವ ಮರಕ್ಕೆ ಗುದ್ದಿದ್ದು?" ಎಂದು ನೇರವಾಗಿ ಕೇಳುತ್ತಿದ್ದ. ಮಾರುವವರ ಮನೆಯ ಬಿಸಿ ಚಾಕೊಲೇಟನ್ನೂ ಮೂಸಿ ನೋಡಿಯೇ ಕುಡಿಯುತ್ತಾನೆ ಎಂದು ನಾನು ಹೇಳಿದರೆ ಅವನಿಗೆ ಸಿಟ್ಟು ಬರುತ್ತಿತ್ತು.

ಅವನ ಭಯಕ್ಕೆ ಕಾರಣವಿಲ್ಲದಿರಲಿಲ್ಲ. ಹಿಂದಿನ ವರ್ಷ ಅವನ ಹಳೆಯ ಗಾಡಿ ಬೆಟ್ಟದ ಏಣಿನಾಚೆ, ಎದೆಮಟ್ಟದ ಪುಡಿಹಿಮದಲ್ಲಿ ಉಸಿರು ಬಿಟ್ಟಿತ್ತು. ನಮ್ಮ ಕಡೆ ಯಾರೂ ಒಬ್ಬರೇ ಬೆಟ್ಟ ಹತ್ತುವುದಿಲ್ಲ. ಹಾಗಾಗಿ ಒಬ್ಬನ ಗಾಡಿ ಕೆಟ್ಟರೆ ಜೊತೆಗಿದ್ದವರೆಲ್ಲರ ಪ್ರಾಣಕ್ಕೂ ಕುತ್ತು ಬರುತ್ತದೆ. ಅವನನ್ನು ಎಳೆದು ತರುವಷ್ಟರಲ್ಲಿ ಗೆಳೆಯ ಡಿವೋನ್‌ನ ಕಾಲ್ಬೆರಳುಗಳು ಚಳಿಗೆ ಕಪ್ಪಾಗಿ, ಎರಡನ್ನು ತೆಗೆಸಬೇಕಾಯಿತು. ಡಿವೋನ್ ಇವನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. ಆಮೇಲಿಂದ ಲಾಮಾರ್, ಹಾವು ಕಚ್ಚಿದವನು ಹಗ್ಗ ಕಂಡರೂ ಬೆಚ್ಚುವಂತೆ, ಯಾವ ಗಾಡಿ ಕಂಡರೂ ಬೆಚ್ಚುತ್ತಿದ್ದ.

ನಮ್ಮ ವಯೋಮಿಂಗ್ ಕಣಿವೆಯಲ್ಲಿ ಗಾಡಿ ನೋಡುವುದಕ್ಕೆ ಒಂದು ರೀತಿಯಿದೆ. ಕೊಳ್ಳುವವನು ಬರುತ್ತಾನೆ ಎಂದ ಮೇಲೆ ಮಾರುವವನು ಅದನ್ನು ಹಿಂದಿನ ದಿನದಿಂದಲೇ ಮುಟ್ಟುವುದಿಲ್ಲ. ಬಂದವನು ಮೊದಲು ಕೈಗವಸು ಬಿಚ್ಚಿ ಬರಿಗೈಯನ್ನು ಎಂಜಿನ್ ಮೇಲಿಟ್ಟು ನೋಡುತ್ತಾನೆ. ಮಂಜುಗಡ್ಡೆಯಂತೆ ಕೊರೆದರೆ ಮಾತು ಮುಂದುವರಿಯುತ್ತದೆ. ಬೆಚ್ಚಗಿದ್ದರೆ, ಚಳಿಯಲ್ಲಿ ಎಂಜಿನ್ ಹತ್ತದ ಗಾಡಿಯನ್ನು ಮೊದಲೇ ಕಷ್ಟಪಟ್ಟು ಹತ್ತಿಸಿ ಇಟ್ಟಿದ್ದಾರೆಂದು ಅರ್ಥ. ಅಲ್ಲಿಗೆ ಮಾತು ಮುಗಿಯಿತು. ಈ ರೀತಿಯನ್ನು ಇಲ್ಲಿಯ ಗಂಡಸರಿಗೆಲ್ಲ ಕಲಿಸಿದವನು ವರ್ಲ್. ಕಮರಿಯ ಬಾಯಲ್ಲಿ, ರಸ್ತೆ ಮುಗಿದು ಗಾಡಿಗಳ ಹಾದಿ ಶುರುವಾಗುವ ಕಡೆ ಅವನ ಮನೆ. ಕಣಿವೆಯ ಗಾಡಿಗಳೆಲ್ಲ ಅವನ ಕೈಯಲ್ಲೇ ರಿಪೇರಿಯಾಗುತ್ತಿದ್ದವು. "ತಣ್ಣಗಿರೋ ಎಂಜಿನ್ ಸುಳ್ಳು ಹೇಳಲ್ಲ" ಎಂದು ಅವನು ಹೇಳಿದ್ದನ್ನು ಲಾಮಾರ್ ವೇದವಾಕ್ಯದಂತೆ ಹೇಳುತ್ತಿದ್ದ.

ಆ ವರ್ಲ್ ಎಲೆ ಉದುರುವ ಕಾಲದಲ್ಲಿ ತೀರಿಕೊಂಡ. ಹೊಸ ವರ್ಷ ಕಳೆದ ಮೇಲೆ ಒಂದು ಭಾನುವಾರ, ಚರ್ಚಿನ ಪಡಸಾಲೆಯಲ್ಲಿ ಅವನ ಹೆಂಡತಿ ಆರ್ಡಿತಕ್ಕ ಲಾಮಾರ್‌ನ ತೋಳು ಹಿಡಿದು ನಿಲ್ಲಿಸಿದಳು.

"ಗಾಡಿ ಹುಡುಕ್ತಿದೀಯಂತೆ. ವರ್ಲ್‌ದು ಇದೆಯಲ್ಲ, ಬಂದು ನೋಡಪ್ಪ."

"ಅದನ್ನ ಮಾರ್ತೀರಾ ಅಕ್ಕ?"

"ನಾನೇನು ಬೆಟ್ಟ ಹತ್ತಲಾ? ಒಂದೇ ಆಸೆ ನಂದು. ನಮ್ಮ ಕಣಿವೆಯೋರೇ ತಗೋಬೇಕು. ಶನಿವಾರ ಶನಿವಾರ ನಮ್ಮನೆ ಮುಂದೆ ಹಾದು ಹೋಗ್ತಿರ್ಬೇಕು. ಅಡುಗೆಮನೇಲಿ ಕೂತೇ ಕೇಳಿಸ್ಕೋತೀನಿ."

ಲಾಮಾರ್‌ನ ಮುಖ ಅರಳಿದ್ದನ್ನು ನೋಡಬೇಕಿತ್ತು. ವರ್ಲ್ ತನಗಾಗಿ ಇಟ್ಟುಕೊಂಡ ಬೆಟ್ಟದ ಗಾಡಿ, ಹೊಗೆಕೊಳವೆಯನ್ನೂ ತಾನೇ ಬಡಿದು ಬಗ್ಗಿಸಿ ಕೂರಿಸಿದ್ದು. ಅದರ ದಪ್ಪ ದನಿಯನ್ನು ನಾವು ಹೆಂಗಸರೂ ದೂರದಿಂದ ಗುರುತು ಹಿಡಿಯುತ್ತಿದ್ದೆವು.

ಶನಿವಾರ ಬೆಳಿಗ್ಗೆ ಇಬ್ಬರೂ ಹೋದೆವು. ಆರ್ಡಿತಕ್ಕ ವರ್ಲ್‌ನ ಕ್ಯಾನ್ವಾಸ್ ಕೋಟು ತೊಟ್ಟು ಷೆಡ್ಡಿನ ಬಾಗಿಲಲ್ಲೇ ನಿಂತಿದ್ದಳು. ತೋಳು ಉದ್ದವಾಗಿ ಬೆರಳುಗಳು ಕಾಣುತ್ತಿರಲಿಲ್ಲ. ಒಳಗೆ ಗಾಡಿ ಒರೆಸಿ ಇಟ್ಟಂತಿತ್ತು. ಲಾಮಾರ್ ಸುತ್ತ ಒಂದು ಸಲ ಬಂದ, ಬಗ್ಗಿ ನೋಡಿದ, ಪಕ್ಕದ ಮುಚ್ಚಳ ತೆಗೆದ. ಆಮೇಲೆ ಬಲಗೈಯ ಗವಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಅಂಗೈಯನ್ನು ಎಂಜಿನ್ ಮೇಲಿಟ್ಟ.

ಕೈ ಅಲ್ಲೇ ನಿಂತಿತು. ಮಗ್ಗುಲು ಬದಲಿಸಿ ಇನ್ನೊಮ್ಮೆ ಇಟ್ಟು ನೋಡಿದ.

"ಅಕ್ಕ, ಬೆಳಿಗ್ಗೆ ಏನಾದ್ರೂ ಶುರು ಮಾಡಿದ್ರಾ ಇದನ್ನ?"

"ಇಲ್ಲಪ್ಪ."

"ಒಂಚೂರು ನೋಡೋಣ ಅಂತಾನಾದ್ರೂ?"

"ಇಲ್ಲ ಅಂದ್ನಲ್ಲ. ನಾನ್ಯಾಕೆ ಮುಟ್ಲಿ ಅದನ್ನ."

ಆರ್ಡಿತಕ್ಕನ ಮುಖ ಕಿವಿಯವರೆಗೂ ಕೆಂಪಾಯಿತು. ಆಕೆ ಸುಳ್ಳು ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಹೇಳುವುದಕ್ಕೂ ಬರುತ್ತಿರಲಿಲ್ಲ.

ಲಾಮಾರ್ ಶಾಸ್ತ್ರಕ್ಕೆ ಎಂಜಿನ್ ಹತ್ತಿಸುವ ಹಗ್ಗ ಎಳೆದ. ಒಂದೇ ಎಳೆತಕ್ಕೆ ಗಾಡಿ ಹತ್ತಿತು, ಷೆಡ್ಡಿನ ತಗಡು ನಡುಗಿತು. ಬಿಸಿ ಎಂಜಿನನ್ನು ಮಗು ಎಳೆದರೂ ಹತ್ತುತ್ತದೆ. ಅವನು ಆರಿಸಿ, ಗವಸು ಹಾಕಿಕೊಂಡು, "ಯೋಚ್ನೆ ಮಾಡಿ ಹೇಳ್ತೀನಿ ಅಕ್ಕ" ಎಂದ. ನಮ್ಮ ಕಡೆ ಹಾಗೆಂದರೆ ಬೇಡ ಎಂದು. ಆರ್ಡಿತಕ್ಕನಿಗೂ ಅದು ಗೊತ್ತು. ಆದರೂ ನಮಗೆಂದು ಬೇಯಿಸಿದ್ದ ಬನ್ನುಗಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.

ಟ್ರಕ್ಕು ಹತ್ತಿದ ಮೇಲೆ ಅವನು ನನ್ನ ಕಡೆ ತಿರುಗಿದ.

"ಮುಖ ನೋಡ್ಕೊಂಡು ಸುಳ್ಳು ಹೇಳಿದ್ರಲ್ಲೇ ಮಾರ್ವಾ."

"ಹೇಳಿದ್ರು. ಆದ್ರೆ ಯಾಕೆ ಅಂತ ಕೇಳ್ಬೇಕಿತ್ತು ನೀನು."

"ಕೇಳೋದೇನಿದೆ? ಚಳೀಲಿ ಹತ್ತಲ್ಲ ಅದು. ಅದಕ್ಕೇ ಮೊದ್ಲೇ ಹತ್ತಿಸಿ ಇಟ್ಟಿದಾರೆ."

"ಆರ್ಡಿತಕ್ಕ ಅಂಥೋರಲ್ಲ ಮಾರಾಯ."

"ನನ್ನ ಹಳೇ ಗಾಡಿ ಕೊಟ್ಟೋನೂ ಅಂಥೋನಲ್ಲ ಅಂತಾನೇ ಎಲ್ರೂ ಹೇಳಿದ್ರು. ಡಿವೋನ್ ಬೆರಳು ವಾಪಸ್ ಬಂತಾ?"

ನಿಜ ಹೇಳಬೇಕೆಂದರೆ ಆ ಕೆಂಪು ಮುಖ ನೋಡಿದ ಮೇಲೆ ನಾನೂ ಅವನ ಮಾತನ್ನು ಅರ್ಧ ನಂಬಿದ್ದೆ.

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಪೆಟ್ರೋಲ್ ಪಂಪಿನಲ್ಲಿ ಯಾರೋ, "ವರ್ಲ್ ಗಾಡಿ ನೋಡೋಕೆ ಹೋಗಿದ್ಯಂತೆ, ಹೆಂಗಿದೆ?" ಎಂದರು. ಲಾಮಾರ್ ಬಾಯಿ ಬಡುಕನಲ್ಲ, ಯಾರನ್ನೂ ಹಂಗಿಸುವವನೂ ಅಲ್ಲ. "ಬಿಸಿ ಇತ್ತು" ಎಂದ, ಪೈಪು ತೆಗೆದು ಸಿಕ್ಕಿಸಿ ಬಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾರನೆಯ ದಿನಕ್ಕೆ ಅದು ಕಣಿವೆಯ ಆ ತುದಿ ಮುಟ್ಟಿತ್ತು. ನೋಡಲು ಬರುತ್ತೇವೆ ಎಂದಿದ್ದ ಇನ್ನಿಬ್ಬರು ಬರಲೇ ಇಲ್ಲ. ಅಂಗಡಿಯಲ್ಲಿ ಪಡ್ಡೆಗಳು, "ಆರ್ಡಿತಕ್ಕನ ಬನ್ನೂ ಬಿಸಿ, ಗಾಡೀನೂ ಬಿಸಿ" ಎಂದು ನಕ್ಕರು. ಹೆಂಡತಿಯ ಮಾತು ಹೋಗಲಿ, "ವರ್ಲ್ ಕೂಡ ಹಿಂಗೇ ಎಷ್ಟು ಜನಕ್ಕೆ ಮಾರಿದ್ನೋ" ಎಂದು ಒಬ್ಬ ಮುದುಕ ನನ್ನೆದುರಿಗೇ ಅಂದ. ಆರ್ಡಿತಕ್ಕ ಚರ್ಚಿಗೆ ತಡವಾಗಿ ಬಂದು, ಹಿಂದಿನ ಬೆಂಚಿನಲ್ಲಿ ಕೂತು, ಕೊನೆಯ ಪ್ರಾರ್ಥನೆ ಮುಗಿಯುವ ಮುಂಚೆ ಎದ್ದು ಹೋಗತೊಡಗಿದಳು. ಸುಳ್ಳು ಸಿಕ್ಕಿಬಿದ್ದ ನಾಚಿಕೆ ಎಂದುಕೊಂಡೆವು.

ಲಾಮಾರ್ ಘಟ್ಟದಾಚೆಯ ಒಬ್ಬ ಹಲ್ಲು ಡಾಕ್ಟರರ ಬಳಿ ಗಾಡಿ ಕೊಂಡ. ಕೈಯಿಟ್ಟರೆ ಚರ್ಮ ಅಂಟಿಕೊಳ್ಳುವಷ್ಟು ತಣ್ಣಗಿತ್ತಂತೆ, ಎರಡನೆಯ ಎಳೆತಕ್ಕೆ ಹತ್ತಿತಂತೆ. ಬಹಳ ಒಳ್ಳೆಯ ಗಾಡಿ. ಇವತ್ತಿನವರೆಗೂ ಕೈಕೊಟ್ಟಿಲ್ಲ. ಕೊಟ್ಟಿದ್ದರೆ ನನಗೆ ಸ್ವಲ್ಪ ಸಮಾಧಾನವಾದರೂ ಆಗುತ್ತಿತ್ತು.

ಮಾರ್ಚ್ ತಿಂಗಳ ದೊಡ್ಡ ಹಿಮ ಬಿದ್ದು ನಿಂತ ಬೆಳಿಗ್ಗೆ ಡಿವೋನ್ ನಮ್ಮ ಅಂಗಳಕ್ಕೆ ಬಂದ. ಅವನದು ರಸ್ತೆಯ ಹಿಮ ಬಳಿಯುವ ಕೆಲಸ, ಮೂಡಣ ಬಿಳುಪಾಗುವ ಹೊತ್ತಿಗೆ ಶುರು. ನಮ್ಮ ದಾರಿಯನ್ನೂ ಬಳಿದು ಕೊಟ್ಟು, ಒಳಗೆ ಬಂದು ಮೇಜಿನ ಮುಂದೆ ಕೂತ.

"ಆರ್ಡಿತಕ್ಕ ಹುಷಾರಾಗಿದಾರಾ? ಏನಾದ್ರೂ ಕಾಯಿಲೆನಾ?" ಎಂದ.

"ಯಾಕೋ?" ಎಂದೆ ನಾನು.

"ಬೆಳಿಗ್ಗೆ ವರ್ಲ್ ಗಾಡಿ ಸದ್ದೇ ಇಲ್ಲ ಈಗ. ವರ್ಲ್ ಹೋದಾಗಿಂದ ದಿನಾ ಹತ್ತಿಸೋರು. ನಾನು ರಸ್ತೆ ಕೊನೇಲಿ ಲಾರಿ ತಿರುಗಿಸೋ ಹೊತ್ತಿಗೆ ಷೆಡ್ಡಿನ ಬಾಗ್ಲು ತೆಗೆದು, ಬಕೆಟ್ ಬೋರಲು ಹಾಕ್ಕೊಂಡು, ವರ್ಲ್ ಕೋಟು ಹೊದ್ಕೊಂಡು ಗಾಡಿ ಪಕ್ಕ ಕೂತಿರೋರು. ಅದು ಗುಡುಗುಡು ಅಂತಿರೋದು, ಇವ್ರು ಕೇಳ್ತಿರೋರು. ನಾನು ದೀಪ ಹಾಕಿ ಆರಿಸಿದ್ರೆ ಕೈ ಎತ್ತೋರು."

ಲಾಮಾರ್ ಚಮಚ ಕೆಳಗಿಟ್ಟ. "ದಿನಾ?"

"ದಿನಾ. ಕೊರೆಯೋ ಚಳೀಲೂ ಒಂದೇ ಎಳೆತ ಕಣೋ, ಆ ಮುದುಕಿ ಕೈಲಿ. ನನ್ನ ಗಾಡಿನೂ ಹಂಗೆ ಹತ್ತಲ್ಲ."

"ನಂಗ್ಯಾಕೋ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಗಂಡ ಸತ್ತೋರು ಹೆಂಗೆ ಅಳ್ತಾರೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ಲಾ?"

ಪಂಪಿನ ಮಾತು ಡಿವೋನ್‌ನ ಕಿವಿಗೆ ಬಿದ್ದೇ ಇರಲಿಲ್ಲ. ಬೆರಳು ಹೋದ ಮೇಲೆ ಅವನು ಬೆಟ್ಟದವರ ಜೊತೆ ಸೇರುವುದನ್ನೇ ಬಿಟ್ಟಿದ್ದ. ಲಾಮಾರ್ ನಡೆದದ್ದನ್ನು ಹೇಳಿದ. ಡಿವೋನ್ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಗಾಡಿ ಮುಟ್ಟಿ ನೋಡೋದು ಕಲ್ತಿದೀಯ, ಸರಿ. ಮನುಷ್ಯರನ್ನ ನಾವು ಹಂಗೆ ನೋಡ್ತೀವೇನೋ?" ಎಂದು ಎದ್ದು ಹೋದ. ಬೆರಳಿಗೆ ಆಡದ ಮಾತನ್ನು ಇದಕ್ಕೆ ಆಡಿದ.

ಲಾಮಾರ್ ಕೋಟು ಹಾಕಿಕೊಂಡ. ಎರಡನೆಯ ಗಾಡಿ ಯಾಕೆ, ಎಲ್ಲಿಡುತ್ತೀಯ ಎಂದು ನಾನು ಕೇಳಲಿಲ್ಲ. ನಾನೂ ಟ್ರಕ್ಕು ಹತ್ತಿ ಕೂತೆ.

ಷೆಡ್ಡಿನ ಬಾಗಿಲಿಗೆ ಹೊಸ ಹಿಮ ಒತ್ತಿ ನಿಂತಿತ್ತು, ಯಾರೂ ತೆಗೆದ ಗುರುತಿರಲಿಲ್ಲ. ಆರ್ಡಿತಕ್ಕ ನಮ್ಮನ್ನು ಅಡುಗೆಮನೆಯಲ್ಲಿ ಕೂರಿಸಿ ಬಿಸಿ ಚಾಕೊಲೇಟ್ ಕೊಟ್ಟಳು. ಲಾಮಾರ್ ಮುಟ್ಟಲಿಲ್ಲ.

"ಅಕ್ಕ, ವರ್ಲ್ ಗಾಡಿ ನಂಗೆ ಬೇಕು."

"ಹೋಯ್ತಲ್ಲಪ್ಪ. ಹೋದ ವಾರ ಯೂಟಾದಿಂದ ಒಬ್ಬ ಬಂದಿದ್ದ. ಬಿಚ್ಚಿ ಬಿಡಿಭಾಗ ಮಾರ್ತಾನಂತೆ. ಕೈಗವಸು ಕೂಡ ತೆಗೀಲಿಲ್ಲ ಅವ್ನು."

ಲಾಮಾರ್ ಅಲ್ಲಿಂದಲೇ ಆ ಮನುಷ್ಯನಿಗೆ ಫೋನು ಮಾಡಿದ. ನಾವು ಇಬ್ಬರೂ ಅವನ ಬೆನ್ನು ನೋಡುತ್ತ ಕೂತೆವು. ಗಾಡಿಯನ್ನು ಬಂದ ದಿನವೇ ಬಿಚ್ಚಿ ಆಗಿತ್ತು. ಎಂಜಿನ್ ಮೊಂಟಾನಾದ ಯಾರಿಗೋ ಹೋಗಿತ್ತು. ಹೊಗೆಕೊಳವೆ ಯಾವ ಗಾಡಿಗೂ ಕೂರದ ಕೈಕೆಲಸವಾದ್ದರಿಂದ ಗುಜರಿಗೆ ಹಾಕಿದ್ದಾನಂತೆ. ಲಾಮಾರ್ ಬಂದು ಕೂತು ಎಂಜಿನ್ನಿನ ವಿಷಯ ಮಾತ್ರ ಹೇಳಿದ. ಕೊಳವೆಯದು ನನಗೆ ಗೊತ್ತಾದದ್ದು ಆಮೇಲೆ.

"ಅವತ್ತು ಒಂದ್ಮಾತು ಹೇಳಿದ್ರೆ ಆಗ್ತಿತ್ತಲ್ಲ ಅಕ್ಕ," ಎಂದ.

"ಏನಂತ ಹೇಳ್ಲಿ? ಅವತ್ತೇ ಕೊನೆ ಅಂದ್ಕೊಂಡಿದ್ದೆ. ನೀನು ತಗೊಂಡೇ ಹೋಗ್ತೀಯ, ಇನ್ನು ಪಕ್ಕದಲ್ಲಿ ಕೂತು ಕೇಳೋ ಹಂಗಿಲ್ಲ ಅಂತ ಜಾಸ್ತಿ ಹೊತ್ತೇ ಹತ್ತಿಸಿ ಬಿಟ್ಟಿದ್ದೆ. ನೀನು ಗವಸು ಕಚ್ಚಿ ಎಳೆದ್ಯಲ್ಲ, ಆವಾಗ ನೆನಪಾಯ್ತು. ಮುದುಕಿಗೆ ತಲೆ ಕೆಟ್ಟಿದೆ ಅಂತೀಯೇನೋ ಅಂತ ನಾಚಿಕೆ ಆಗ್ಬಿಡ್ತು. ಬಾಯಿಂದ ಇಲ್ಲ ಅಂತ ಬಂತು. ಬಂದ್ಮೇಲೆ ಅದನ್ನ ಹೆಂಗೆ ನುಂಗ್ಲಿ."

"ತಪ್ಪು ನಂದು."

"ನಿಂದೇನಲ್ಲ. ವರ್ಲ್ ಕೊಳ್ಳೋಕೆ ಬಂದಿದ್ರೂ ಬಿಟ್ಟೇ ಹೋಗೋರು. ಅವ್ರು ಕಲಿಸಿದ್ದೇ ಅದಲ್ವಾ."

ಆಕೆ ಬೈದಿದ್ದರೇ ಒಳ್ಳೆಯದಿತ್ತು. ತಲೆ ತಗ್ಗಿಸಿ ಬೈಸಿಕೊಂಡು, ಕ್ಷಮಿಸಿ ಎಂದು ಹೇಳಿ, ಹಗುರಾಗಿ ಮನೆಗೆ ಹೋಗಬಹುದಿತ್ತು. ನನಗೆ ಅಳು ಬಂತು. ಹೊರಗೆ ನಾಲ್ಕೈದು ಗಾಡಿಗಳು ಕಮರಿಯತ್ತ ಹಾದು ಹೋದವು. ಅವುಗಳಲ್ಲಿ ಒಂದರ ಸದ್ದಿಗೂ ಆರ್ಡಿತಕ್ಕ ತಲೆಯೆತ್ತಲಿಲ್ಲ. ಅವು ದೂರವಾದ ಮೇಲೆ ಕೇಳಿದಳು.

"ಅದೇ ಎಂಜಿನ್ ಬೇರೆ ಗಾಡಿಗೆ ಕೂರಿಸಿದ್ರೆ ಸದ್ದು ಅದೇ ಇರುತ್ತಾ ಲಾಮಾರ್?"

ಇರುವುದಿಲ್ಲ. ಅಷ್ಟು ನನಗೂ ಗೊತ್ತು. ಕೊಳವೆ ಬೇರೆ, ಮುಚ್ಚಳ ಬೇರೆ, ಬೆಲ್ಟು ಬೇರೆಯಾದರೆ ದನಿಯೂ ಬೇರೆ. ಲಾಮಾರ್ ಗಾಡಿಯ ವಿಷಯದಲ್ಲಿ ಹುಟ್ಟಿದಾಗಿನಿಂದ ಒಂದು ಸುಳ್ಳೂ ಹೇಳಿದವನಲ್ಲ. ತನ್ನ ಹಳೆಯ ಗಾಡಿಯನ್ನು ಮಾರುವಾಗಲೂ ಕೆಟ್ಟದ್ದನ್ನೆಲ್ಲ ಮೊದಲೇ ತೋರಿಸಿ, ಬಂದವರನ್ನು ಓಡಿಸಿದವನು.

"ಅದೇ ಇರುತ್ತೆ ಅಕ್ಕ," ಎಂದ. "ಒಂಚೂರೂ ಬದಲಾಗಲ್ಲ."

ಅವನ ಮುಖ ಕಿವಿಯವರೆಗೂ ಕೆಂಪಾಗಿತ್ತು. ಜೀವಮಾನವೆಲ್ಲ ವರ್ಲ್‌ನ ಜೊತೆ ಬಾಳಿದ ಹೆಂಗಸು, ಆ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ಹಂಗಾದ್ರೆ ಸರಿ ಬಿಡು," ಎಂದು, ಅವನು ಕುಡಿಯದೆ ಬಿಟ್ಟ ಲೋಟವನ್ನು ಎತ್ತಿಕೊಂಡು ನಮಗೆ ಬೆನ್ನು ಮಾಡಿ ತೊಳೆಯುತ್ತ ನಿಂತಳು.